‘ಎಲ್ಲರೂ ಗಾಬರಿಯಿಂದ ನೋಡುತ್ತಾರೆ’: ಪೋಷಕ ಪಾತ್ರದಿಂದ ಧಾರಾವಾಹಿ ಬರವಣಿಗೆಗೆ

ಧಾರಾವಾಹಿಯ ಸೀನ್ ಪೇಪರಿನಲ್ಲಿ ಪೋಷಕ ನಟಿಯ ಪಾಲಿಗೆ ಮತ್ತೆ ಮತ್ತೆ ಬರುವ ಸಾಲು ‘ಎಲ್ಲರೂ ಗಾಬರಿಯಿಂದ ನೋಡುತ್ತಾರೆ’. ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯಾಕೆ, ನಾಯಕಿಯ ಆಫೀಸಿನ ಗೆಳತಿ, ಪಾತ್ರ ಯಾವುದಾದರೂ ಆ ‘ಎಲ್ಲರೂ’ ಒಳಗೆ ನಾವಿರುತ್ತೇವೆ. ಬರೆದವರಿಗೆ ಅದು ಒಂದು ಸಾಲು. ಸೆಟ್‌ನಲ್ಲಿ ಅದೇ ಸಾಲು ಆರು ಮುಖ, ಆರು ಕ್ಲೋಸಪ್, ಒಂದೊಂದಕ್ಕೂ ಲೈಟಿನ ತಿದ್ದುಪಡಿ. ಎಡಿಟಿಂಗ್ ಟೇಬಲ್ಲಿನಲ್ಲಿ ಮುಖಕ್ಕೆ ಮೂರು ಸೆಕೆಂಡಿನಂತೆ ಎರಡು ಮೂರು ಸುತ್ತು, ಜತೆಗೆ ಸಿಡಿಲಿನ ಸದ್ದು. ಮನೆಯಲ್ಲಿ ಕೂತು ನೋಡುವವರು ‘ಎಳೀತಾರಪ್ಪಾ’ ಅನ್ನುವುದು ಇದನ್ನೇ. ಬೈಗುಳ ಎಡಿಟರ್‌ಗೆ ಬೀಳುತ್ತದೆ, ಆದರೆ ಎಳೆತ ಹುಟ್ಟುವುದು ಪೇಪರಿನಲ್ಲಿ. ನಿಂತಿರುವ ಆರು ಜನರಲ್ಲಿ ನಾಲ್ವರಿಗೆ ಬರೆದವರು ಕೆಲಸ ಕೊಟ್ಟಿರುವುದಿಲ್ಲ, ಅಷ್ಟೇ.

ನಟನೆಯಿಂದ ಸಂಭಾಷಣೆ ಬರೆಯುವ ಕಡೆಗೆ ಬರುವಾಗ ನಾನು ತಂದ ಬಂಡವಾಳ ಇದೊಂದೇ. ಸೀನ್ ಕೈಗೆ ಬಂದಾಗ ನಾಯಕಿ ಏನು ಹೇಳುತ್ತಾಳೆ ಎಂಬುದನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು: ಮೂಲೆಯಲ್ಲಿ ನಿಂತವಳಿಗೆ ಇಲ್ಲಿ ಏನು ಕೆಲಸ, ಈ ಮಾತಿನಿಂದ ಅವಳಿಗೆ ಏನು ಲಾಭ, ಏನು ನಷ್ಟ? ಉತ್ತರ ಸಿಗದಿದ್ದರೆ ಅವಳನ್ನು ಸೀನಿನಿಂದ ತೆಗೆಯುತ್ತೇನೆ. ಸಿಕ್ಕರೆ ಸೀನ್ ಅರ್ಧ ಬರೆದಂತೆಯೇ. ಪೋಷಕ ಪಾತ್ರ ಮಾಡುತ್ತಲೇ ಬರೆಯುವ ಆಸೆ ಇಟ್ಟುಕೊಂಡ ಹೆಣ್ಣುಮಕ್ಕಳು ಬಹಳ ಇದ್ದಾರೆ. ಅವರಿಗೆ ಕೆಲಸಕ್ಕೆ ಬರಲಿ ಎಂದು ನನ್ನ ಕ್ರಮವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ಕ್ಯಾಮೆರಾ ಮುಂದಿನಿಂದ ಹಿಂದಕ್ಕೆ ಹೋಗುವುದು ಕನ್ನಡ ಕಿರುತೆರೆಗೆ ಹೊಸದಲ್ಲ. ರಂಗಭೂಮಿ, ಸಿನಿಮಾಗಳಲ್ಲಿ ನಟಿಸುತ್ತಿದ್ದ ವೈಶಾಲಿ ಕಾಸರವಳ್ಳಿ ‘ಮೂಡಲಮನೆ’ಯಂಥ ಧಾರಾವಾಹಿ ನಿರ್ದೇಶಿಸಿದರು, ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. 1998ರ ‘ಮಾಯಾಮೃಗ’ದ ನಂತರದ ಧಾರಾವಾಹಿಗಳಲ್ಲಿ ಟಿ.ಎನ್. ಸೀತಾರಾಂ ಬರೆದದ್ದೂ ಉಂಟು, ನಿರ್ದೇಶಿಸಿದ್ದೂ ಉಂಟು, ವಕೀಲರ ಕೋಟು ಹಾಕಿ ನಿಂತದ್ದೂ ಉಂಟು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೆಂದರೆ ಬರವಣಿಗೆ ಈಗ ಹೋಳುಹೋಳಾಗಿ ಹಂಚಿಹೋಗಿದೆ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು, ಒಪ್ಪಿಗೆ ಚಾನೆಲ್ಲಿನ ಫಿಕ್ಷನ್ ವಿಭಾಗದ್ದು. ಹೊಸಬರು ಒಳಗೆ ಬರಲು ಸಾಧ್ಯವಿರುವ ಬಾಗಿಲು ಸಂಭಾಷಣೆಯದು. ನಟಿಯರಿಗೆ ಅನುಕೂಲವಾದದ್ದೂ ಅದೇ, ಏಕೆಂದರೆ ಯಾವ ಮಾತು ಬಾಯಲ್ಲಿ ಸಲೀಸಾಗಿ ಹೊರಳುತ್ತದೆ, ಯಾವುದು ಸಿಕ್ಕಿಕೊಳ್ಳುತ್ತದೆ ಎಂಬುದು ನಮಗೆ ಅಭ್ಯಾಸದಿಂದಲೇ ಗೊತ್ತು.

ಒಂದು ಸಂಚಿಕೆಯ ಅಳತೆ

ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯುವುದು 21ರಿಂದ 22 ನಿಮಿಷ. ಅದರಲ್ಲಿ ಹಿಂದಿನ ಸಂಚಿಕೆಯ ತುಣುಕು, ಶೀರ್ಷಿಕೆ ಗೀತೆ, ಕೊನೆಯ ಪ್ರಿಕ್ಯಾಪ್ (ಮುಂದಿನ ಸಂಚಿಕೆಯ ಮುನ್ನೋಟ) ತೆಗೆದರೆ ಹೊಸದಾಗಿ ಬರೆಯಬೇಕಾದದ್ದು 18-19 ನಿಮಿಷ. ನಾನು ಅದನ್ನು ಎಂಟು ಸೀನಿಗೆ ಹಂಚುತ್ತೇನೆ. ಎರಡು ದೊಡ್ಡವು, ಮೂರು ಮೂರೂವರೆ ನಿಮಿಷದವು. ಉಳಿದವು ಒಂದೂವರೆಯಿಂದ ಎರಡು ನಿಮಿಷ. ಹತ್ತು ದಾಟಿದರೆ ಸೆಟ್‌ನವರು ಒಂದೇ ದಿನದಲ್ಲಿ ಮುಗಿಸಲಾಗದೆ ಎರಡನ್ನು ಬಿಡುತ್ತಾರೆ, ಬಿಡುವುದು ನಮಗೆ ಬೇಕಾದ ಎರಡನ್ನೇ. ಆರಕ್ಕಿಂತ ಕಡಿಮೆಯಾದರೆ ನೋಡುವವರಿಗೆ ಒಂದೇ ಹಾಲ್‌ನಲ್ಲಿ ಕೂಡಿಹಾಕಿದಂತಾಗುತ್ತದೆ.

ಕನ್ನಡದಲ್ಲಿ ಪದಗಳಿಗೆ ಪ್ರತ್ಯಯ ಅಂಟಿಕೊಂಡು ಉದ್ದವಾಗುವುದರಿಂದ ಪದ ಎಣಿಸಿ ನಿಮಿಷ ಅಳೆಯುವುದು ಪೂರ್ತಿ ನಂಬಿಕಸ್ತ ಲೆಕ್ಕವಲ್ಲ. ಆದರೂ ಅಂದಾಜು ಬೇಕಲ್ಲ. ಜಗಳದ ಸೀನಿಗೆ ನಿಮಿಷಕ್ಕೆ 90 ಪದ, ಅಳುವ ಸೀನಿಗೆ 50, ಮಾಮೂಲಿ ಮಾತುಕತೆಗೆ 70 ಎಂದು ಇಟ್ಟುಕೊಂಡಿದ್ದೇನೆ. ಬರೆದ ಮೇಲೆ ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಗಟ್ಟಿಯಾಗಿ, ನಡುನಡುವೆ ಎದ್ದು ನಡೆದು ಓದುತ್ತೇನೆ. ಕೂತು ಓದಿದರೆ ಸಮಯ ಯಾವಾಗಲೂ ಕಡಿಮೆ ಬರುತ್ತದೆ. ಪಾತ್ರ ಬಾಗಿಲಿನಿಂದ ಸೋಫಾದವರೆಗೆ ನಡೆಯುವ ಐದು ಸೆಕೆಂಡು ಪೇಪರಿನಲ್ಲಿ ಕಾಣುವುದಿಲ್ಲ.

ಕೆಲಸ ಬರುವ ಕ್ರಮ ಹೀಗೆ: ಮೊದಲು ಒನ್‌ಲೈನ್, ಅಂದರೆ ವಾರದ ಕಥೆ ಒಂದೆರಡು ಪುಟದಲ್ಲಿ. ಚಾನೆಲ್ ಒಪ್ಪಿದ ಮೇಲೆ ಸೀನ್ ಆರ್ಡರ್, ಅಂದರೆ ಯಾವ ಸೀನ್, ಎಲ್ಲಿ, ಯಾರ್ಯಾರು, ಏನಾಗುತ್ತದೆ ಎಂಬ ನಾಲ್ಕು ಸಾಲು. ಅದಾದ ಮೇಲೆ ಸಂಭಾಷಣೆ. ಸೀನ್ ಆರ್ಡರ್ ಸಂಜೆ ಬರುತ್ತದೆ, ಬೆಳಗ್ಗೆ ಏಳಕ್ಕೆ ಸೆಟ್‌ನಲ್ಲಿ ಪೇಪರ್ ಬೇಕು. ಎಂಟೂ ಸೀನನ್ನು ಕಥೆಯ ಕ್ರಮದಲ್ಲೇ ಬರೆಯುತ್ತ ಹೋದರೆ ಬೆಳಗಾಗುವ ಹೊತ್ತಿಗೆ ಶೂಟಿಂಗ್‌ಗೆ ಮೊದಲು ಬೇಕಾದ ಸೀನೇ ಬಾಕಿ ಉಳಿದಿರುತ್ತದೆ. ಅದಕ್ಕೆ ರಾತ್ರಿಯೇ ಸಹಾಯಕ ನಿರ್ದೇಶಕರಿಗೆ ಫೋನ್ ಮಾಡಿ ನಾಳೆ ಮೊದಲು ಯಾವ ಜಾಗ, ಯಾರ ಡೇಟ್, ಅಂದರೆ ಯಾವ ಕಲಾವಿದರು ಸಿಗುವ ದಿನ ಎಂದು ಕೇಳಿಕೊಂಡು ಆ ಸೀನಿನಿಂದ ಶುರುಮಾಡುವುದು.

ಪೇಪರಿನ ತಲೆಭಾಗ

ನಟಿಯಾಗಿ ನಾವು ಪೇಪರ್ ಕೈಗೆ ಬಂದ ಕೂಡಲೇ ಹುಡುಕುವುದು ನಮ್ಮ ಮಾತನ್ನಲ್ಲ, ಯಾವ ಸೀರೆ ಎಂಬುದನ್ನು. ಪೋಷಕ ಪಾತ್ರದವರು ಬಹುಪಾಲು ಸ್ವಂತ ಸೀರೆಯನ್ನೇ ತರುತ್ತಾರೆ. ಕಥೆಯಲ್ಲಿ ಒಂದೇ ದಿನ ನಾಲ್ಕು ಸಂಚಿಕೆಗೆ ಹರಿದರೆ ಅದೇ ಸೀರೆ, ಅದೇ ಬಳೆ, ಅದೇ ಹೂವು ಎರಡು ವಾರದ ಶೂಟಿಂಗ್‌ಗೆ ಬರಬೇಕು. ಆದ್ದರಿಂದ ನನ್ನ ಪ್ರತಿ ಸೀನಿನ ತಲೆಯಲ್ಲಿ ಕಥಾದಿನದ ಸಂಖ್ಯೆ ಇರುತ್ತದೆ:

ಸಂಚಿಕೆ 214 / ಸೀನ್ 5 / ಮನೆ, ಹಾಲ್ / ಹಗಲು / ಕಥಾದಿನ 61
ಪಾತ್ರಗಳು: ಅತ್ತೆ, ಸೊಸೆ, ಚಿಕ್ಕಮ್ಮ
ವಸ್ತು: ಇಸ್ತ್ರಿ ಬಟ್ಟೆಯ ಗಂಟು, ಅಡವಿನ ಚೀಟಿ (ಕ್ಲೋಸ್‌ನಲ್ಲಿ ಓದುವಂತಿರಬೇಕು)
ಮುಂದುವರಿಕೆ: ಸೊಸೆಯ ಕೊರಳಲ್ಲಿ ಸರ ಇಲ್ಲ, ತಾಳಿ ಮಾತ್ರ. ಎಡಗೈ ಬೆರಳಿಗೆ ಪಟ್ಟಿ (ಸೀನ್ 2ರಿಂದ)

ಕೊನೆಯ ಸಾಲನ್ನು ಬಹಳ ಜನ ಬರೆಯುವುದಿಲ್ಲ, ಅದು ನಿರ್ದೇಶನ ತಂಡದ ಕೆಲಸ ಅನ್ನುತ್ತಾರೆ. ಹೌದು, ಅವರ ಕೆಲಸವೇ. ಆದರೆ ದಿನದ ಶೂಟಿಂಗ್‌ನಲ್ಲಿ ಮೂರು ಸಂಚಿಕೆಗಳ ಹಾಲ್ ಸೀನ್‌ಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. 216ರ ಸೀನ್ ಆದ ಮೇಲೆ 214ರದ್ದು ಬಂದಾಗ ಬೆರಳಿನ ಪಟ್ಟಿ ಯಾರ ನೆನಪಲ್ಲೂ ಇರುವುದಿಲ್ಲ. ಗಾಯ, ಒದ್ದೆ ಕೂದಲು, ಹರಿದ ಸೆರಗು, ಕೈಯಲ್ಲಿದ್ದ ಫೋನು, ಇವು ಪೇಪರಿನಲ್ಲೇ ಇದ್ದರೆ ಮರುಶೂಟ್ ತಪ್ಪುತ್ತದೆ.

ಫೈಲನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದು ಇನ್ನೊಬ್ಬರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಈಗ ಕಲಾವಿದರು ಓದುವುದು ವಾಟ್ಸಾಪ್‌ನಲ್ಲಿ, ಆದ್ದರಿಂದ ಪಿಡಿಎಫ್ ಅಕ್ಷರದ ಗಾತ್ರ 14ಕ್ಕಿಂತ ಕಡಿಮೆ ಬೇಡ. ಫೈಲಿನ ಹೆಸರಿನಲ್ಲಿ ಸಂಚಿಕೆ ಸಂಖ್ಯೆ, ಆವೃತ್ತಿ ಸಂಖ್ಯೆ ಎರಡೂ ಇರಲಿ. ‘ಫೈನಲ್’ ಎಂಬ ಹೆಸರು ಇಡಲೇಬೇಡಿ, ಅದರ ಹಿಂದೆಯೇ ‘ಫೈನಲ್ ಹೊಸದು’ ಬರುತ್ತದೆ.

ಜನ ಎಂದರೆ ಸಮಯ, ಡೇಟ್ ಎಂದರೆ ಕಥೆ

ಇಬ್ಬರು ಮಾತಾಡುವ ಎರಡು ನಿಮಿಷದ ಸೀನಿಗೆ ಮಾಸ್ಟರ್ ಶಾಟ್ (ಎಲ್ಲರೂ ಕಾಣುವಂತೆ ಇಡೀ ಸೀನ್), ಇಬ್ಬರ ಕ್ಲೋಸ್, ಭುಜದ ಮೇಲಿಂದ ಎರಡು ಸಜೆಷನ್ ಶಾಟ್ ಸೇರಿ ಹೆಚ್ಚುಕಡಿಮೆ ಒಂದು ಗಂಟೆ. ಏಳು ಜನ ನಿಂತರೆ ಅದೇ ಎರಡು ನಿಮಿಷ ಎರಡೂವರೆ ಗಂಟೆ ಮೀರುತ್ತದೆ, ಏಕೆಂದರೆ ಮಾತಿಲ್ಲದವರದ್ದೂ ರಿಯಾಕ್ಷನ್ ತೆಗೆಯಲೇಬೇಕು. ನೋಡುವ ದಿಕ್ಕು ತಪ್ಪಿದರೆ ಪುನಃ ತೆಗೆಯಬೇಕು. ಹಾಗಾಗಿ ಒಂದು ಸಂಚಿಕೆಗೆ ತುಂಬಿದ ಮನೆಯ ಸೀನ್ ಒಂದೇ. ಎರಡನೆಯದು ಕಥೆಗೆ ಬೇಕೇಬೇಕಾದರೆ ಮೊದಲಿನದಕ್ಕೆ ಅಂಟಿಸಿ, ಜನ ಅದೇ ಜಾಗದಲ್ಲಿ ನಿಂತಿರುವಾಗಲೇ ಮುಗಿಸುತ್ತೇನೆ.

ಇನ್ನು ಡೇಟ್ಸ್. ನಾಯಕ ನಾಯಕಿಯರು ತಿಂಗಳ ಬಹುಪಾಲು ದಿನ ಸಿಗುತ್ತಾರೆ. ಅಜ್ಜಿ, ಮಾವ ಮೊದಲಾದ ಹಿರಿಯ ಕಲಾವಿದರು ಮೂರು ಧಾರಾವಾಹಿಗಳಲ್ಲಿ ಇರುವುದರಿಂದ ತಿಂಗಳಿಗೆ ಎಂಟು ಹತ್ತು ದಿನ ಸಿಕ್ಕರೆ ದೊಡ್ಡದು. ಬರೆಯುವ ಮೊದಲು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಡೇಟ್ಸ್ ಪಟ್ಟಿ ತರಿಸಿಕೊಳ್ಳಿ. ಅಜ್ಜಿಯನ್ನು ಪ್ರತಿ ಸಂಚಿಕೆಯಲ್ಲಿ ಅರ್ಧ ನಿಮಿಷ ಕೂರಿಸಿದರೆ ಅವರ ಎಂಟೂ ದಿನ ಬರೀ ತಲೆಯಾಡಿಸುವುದರಲ್ಲಿ ಮುಗಿಯುತ್ತವೆ, ಕಥೆಗೆ ಅವರು ನಿಜವಾಗಿ ಬೇಕಾದಾಗ ಡೇಟ್ ಇರುವುದಿಲ್ಲ. ಅದಕ್ಕಿಂತ ಅವರು ಮೂರು ಸಂಚಿಕೆ ಕಾಣದೆ ನಾಲ್ಕನೆಯದರಲ್ಲಿ ಬಂದು ಮನೆಯ ತೀರ್ಮಾನ ತಿರುಗಿಸಲಿ.

ಡೇಟ್ ಇಲ್ಲದ ಪಾತ್ರವನ್ನು ಫೋನ್ ಕರೆಯಲ್ಲಿ ತರುವುದು ಹಳೆಯ ಉಪಾಯ. ಅವರ ಭಾಗವನ್ನು ಅವರು ಬಂದ ದಿನ, ಬೇರೆ ಗೋಡೆಯ ಮುಂದೆ ತೆಗೆಯಬಹುದು. ಇಲ್ಲಿ ಎಚ್ಚರಿಕೆ ಒಂದಿದೆ. ಫೋನಿನ ಎರಡೂ ತುದಿಯ ಮಾತನ್ನು ಒಂದರ ಮೇಲೊಂದು ಬೀಳುವಂತೆ ಬರೆಯಬಾರದು. ಎರಡು ಬೇರೆ ದಿನ ತೆಗೆದ ತುಣುಕುಗಳಲ್ಲಿ ಮಾತಿನ ಓಟ ಹೊಂದುವುದಿಲ್ಲ. ಪ್ರತಿ ಮಾತಿನ ಕೊನೆಗೆ ಒಂದು ಉಸಿರಿನಷ್ಟು ಜಾಗ ಬಿಟ್ಟಿದ್ದರೆ ಎಡಿಟರ್ ಹೊಂದಿಸಿಕೊಳ್ಳುತ್ತಾರೆ.

ಮೂಲೆಯಲ್ಲಿ ನಿಂತವಳಿಗೆ ಕೆಲಸ

ಮೇಲಿನ ಸೀನ್ 5ನ್ನೇ ತೆಗೆದುಕೊಳ್ಳೋಣ. ಸೀನ್ ಆರ್ಡರಿನಲ್ಲಿ ಹೀಗಿದೆ ಅಂದುಕೊಳ್ಳಿ: ‘ಸೊಸೆ ಸರ ಅಡವಿಟ್ಟ ವಿಷಯ ಅತ್ತೆಗೆ ತಿಳಿಯುತ್ತದೆ. ಅತ್ತೆ ಬೈಯುತ್ತಾಳೆ. ಎಲ್ಲರೂ ಗಾಬರಿಯಿಂದ ನೋಡುತ್ತಾರೆ.’ ಇದನ್ನು ಹಾಗೇ ಬರೆದರೆ ಅತ್ತೆಗೆ ಒಂದೂವರೆ ಪುಟದ ಬೈಗುಳ, ಸೊಸೆಗೆ ಕಣ್ಣೀರು, ಚಿಕ್ಕಮ್ಮನಿಗೆ ಕೆನ್ನೆಯ ಮೇಲೆ ಕೈ. ಇಂಥ ಸೀನ್ ಯಾವ ಧಾರಾವಾಹಿಯ ಯಾವ ವಾರದಲ್ಲಿ ಬೇಕಾದರೂ ಇರಬಹುದು.

ನಾನು ಚಿಕ್ಕಮ್ಮನಿಂದ ಶುರುಮಾಡುತ್ತೇನೆ. ಅವಳು ಅತ್ತೆಯ ಓರಗಿತ್ತಿ. ಅಡವಿನ ವಿಷಯ ಅವಳಿಗೆ ಮೊದಲೇ ಗೊತ್ತು, ಅಂಗಡಿಗೆ ಜತೆಗೆ ಹೋದವಳೇ ಅವಳು. ಗೊತ್ತಾದರೆ ಅವಳಿಗೂ ಕಷ್ಟ. ಈಗ ಅವಳಿಗೆ ಭಯಕ್ಕೆ ಕಾರಣ ಬಂತು, ಕೈಗೆ ಕೆಲಸವೂ ಬೇಕು: ಇಸ್ತ್ರಿಯಿಂದ ಬಂದ ಬಟ್ಟೆ ವಿಂಗಡಿಸುತ್ತಿದ್ದಾಳೆ. ಸೊಸೆಯ ಸೀರೆಯ ಮಡಿಕೆಯಿಂದ ಚೀಟಿ ಜಾರಿ ನೆಲಕ್ಕೆ ಬೀಳುತ್ತದೆ. ಅವಳು ಅದರ ಮೇಲೆ ಕಾಲಿಡುತ್ತಾಳೆ. ಅತ್ತೆ ಎದುರಿಗೇ ಕೂತಿದ್ದಾಳೆ.

ಅತ್ತೆ: (ಬಟ್ಟೆ ಎಣಿಸುತ್ತಲೇ) ಕಾಲೆತ್ತು.
ಚಿಕ್ಕಮ್ಮ: ಏನಕ್ಕಾ?
ಅತ್ತೆ: ಕಾಲೆತ್ತೇ.
ಚಿಕ್ಕಮ್ಮ: ಜೋಮು ಹಿಡ್ದಿದೆ ಅಕ್ಕಾ...
ಅತ್ತೆ: (ಸೊಸೆಯ ಕಡೆ ತಿರುಗಿ, ಮೆತ್ತಗೆ) ನೀನೇ ಹೇಳಮ್ಮಾ. ಚಿಕ್ಕತ್ತೆ ಕಾಲಿಗೆ ಜೋಮು ಹಿಡ್ಸಿದ್ದು ಏನು ಅಂತ.

ಬೈಗುಳ ಇಲ್ಲ. ಅತ್ತೆಯ ಕೋಪ ಎಷ್ಟಿದೆ ಎಂದು ಅವಳ ಮೆಲುದನಿಯೇ ಹೇಳುತ್ತದೆ, ಆ ಕೆಲಸಕ್ಕೆ ಕಲಾವಿದೆಯನ್ನು ನಂಬಬೇಕು. ಶಾಟ್ ಲೆಕ್ಕ ನೋಡಿ: ಮಾಸ್ಟರ್, ಮೂವರ ಕ್ಲೋಸ್, ಕಾಲು ಮತ್ತು ಚೀಟಿಯ ಇನ್ಸರ್ಟ್, ಅಂದರೆ ಅವಷ್ಟೇ ಕಾಣುವ ಹತ್ತಿರದ ಶಾಟ್. ಇನ್ಸರ್ಟನ್ನು ಕೊನೆಗೆ, ಕಲಾವಿದೆಯರನ್ನು ಕಳಿಸಿದ ಮೇಲೂ ಬೇರೆಯವರ ಕಾಲು ಇಟ್ಟು ತೆಗೆಯಬಹುದು, ಆದರೆ ಚಿಕ್ಕಮ್ಮನ ಕಾಲುಂಗುರ ಮಾತ್ರ ಹೊಂದಬೇಕು. ಮುಂದಿನ ವಾರಕ್ಕೂ ದಾರಿ ಸಿಕ್ಕಿತು. ಚಿಕ್ಕಮ್ಮ ಏಕೆ ಮುಚ್ಚಿಟ್ಟಳು ಎಂಬುದು ಹೊಸ ಪ್ರಶ್ನೆ. ಕಥೆ ಬೆಳೆಸಲು ಹೊಸ ಪಾತ್ರ ತರುವ ಮೊದಲು ಈಗಾಗಲೇ ಸಂಬಳ ಕೊಡುತ್ತಿರುವ ಪಾತ್ರಗಳನ್ನು ನೋಡಿ ಎಂದು ನಾನು ಹೇಳುವುದು ಇದಕ್ಕೇ. ನಿರ್ಮಾಪಕರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಪ್ರತಿ ಸೀನಿನಲ್ಲೂ ಹೀಗೆ ಮಾಡಲು ಆಗದು, ಮಾಡಲೂಬಾರದು. ಎಲ್ಲರಿಗೂ ಗುಟ್ಟಿದ್ದರೆ ಮನೆ ಪತ್ತೇದಾರಿ ಕಾದಂಬರಿಯಾಗುತ್ತದೆ. ಸಂಚಿಕೆಗೆ ಒಬ್ಬ ಪೋಷಕ ಪಾತ್ರಕ್ಕೆ ಒಂದು ಕೆಲಸ ಸಿಕ್ಕರೆ ಸಾಕು. ಉಳಿದವರಿಗೆ ಕೈಗೆಲಸ ಕೊಡಿ: ಹೂ ಕಟ್ಟುವುದು, ಬೀನ್ಸ್ ಬಿಡಿಸುವುದು, ಮಗುವಿನ ಪುಸ್ತಕಕ್ಕೆ ರಟ್ಟು ಹಾಕುವುದು. ಅಡುಗೆಮನೆಯಲ್ಲಿ ಒಲೆ ಹಚ್ಚುವ, ಎಣ್ಣೆ ಕಾಯಿಸುವ ಕೆಲಸ ಬೇಡ. ಪ್ರತಿ ಟೇಕಿಗೂ ಬಾಣಲೆಯಲ್ಲಿರುವುದು ಒಂದೇ ಹದದಲ್ಲಿರಬೇಕು, ಅದು ಆಗುವ ಮಾತಲ್ಲ. ಒಗ್ಗರಣೆಯ ಚಟಪಟ ಮೈಕಿಗೂ ಬೀಳುತ್ತದೆ.

ಬಾಯಿಗೆ ಬರುವ ಮಾತು

ಸೆಟ್‌ನಲ್ಲಿ ಮಾತು ಬಾಯಿಪಾಠ ಮಾಡಲು ಸಿಗುವುದು ಲೈಟ್ ಹೊಂದಿಸುವಷ್ಟು ಹೊತ್ತು. ಅನೇಕ ಕಡೆ ಸಹಾಯಕ ನಿರ್ದೇಶಕರು ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಾರೆ, ಅಂದರೆ ಸಾಲನ್ನು ಹೇಳಿಕೊಡುತ್ತಾರೆ. ಆದ್ದರಿಂದ ಒಂದು ಉಸಿರಿಗೆ ಎಂಟು ಪದ. ಅದಕ್ಕಿಂತ ಉದ್ದದ ಮಾತನ್ನು ನಾನೇ ಸಾಲು ಮುರಿದು ಕೊಡುತ್ತೇನೆ. ಮುರಿಯದಿದ್ದರೆ ಪ್ರಾಂಪ್ಟ್ ಮಾಡುವವರು ತಮಗೆ ಅನುಕೂಲವಾದ ಕಡೆ ಮುರಿಯುತ್ತಾರೆ. ‘ನಿಮ್ಮ ಮಗ ಮಾಡಿದ ಸಾಲ ತೀರಿಸೋಕೆ / ನಾನು ಸರ ಅಡ ಇಟ್ಟೆ’ ಎಂಬುದು ‘ನಿಮ್ಮ ಮಗ ಮಾಡಿದ / ಸಾಲ ತೀರಿಸೋಕೆ ನಾನು / ಸರ ಅಡ ಇಟ್ಟೆ’ ಆಗಿ ಬರುತ್ತದೆ, ಮುಖದಲ್ಲಿ ಭಾವ ಕೂರುವುದಿಲ್ಲ.

ಬರೆಯುವಾಗಲೇ ಆಡುರೂಪ ಬರೆಯಿರಿ. ‘ಮಾಡುತ್ತೇನೆ’ ಎಂದು ಬರೆದು ಕಲಾವಿದೆ ‘ಮಾಡ್ತೀನಿ’ ಮಾಡಿಕೊಳ್ಳಲಿ ಎಂದು ಬಿಟ್ಟರೆ ಅರ್ಧ ಜನ ಹಾಗೇ ಓದುತ್ತಾರೆ, ಅರ್ಧ ಜನ ಬದಲಿಸುತ್ತಾರೆ, ಒಂದೇ ಮನೆಯಲ್ಲಿ ಎರಡು ಭಾಷೆ ಕೇಳುತ್ತದೆ. ಬೇರೆ ಭಾಷೆಯಿಂದ ಬಂದ ಕಲಾವಿದರಿಗೆ ‘ಕೃತಜ್ಞತೆ’, ‘ಪ್ರತಿಷ್ಠೆ’ಯಂಥ ಒತ್ತಕ್ಷರದ ಪದ ಕೊಡುವುದಿಲ್ಲ. ‘ಋಣ ಇದೆ’, ‘ಮಾನ ಹೋಗುತ್ತೆ’ ಅಂದರೆ ಆಯಿತಲ್ಲ, ಕೇಳುವುದಕ್ಕೂ ಚೆಂದ. ಹಕಾರ ಜಾರುವವರಿಗೆ ‘ಹಾಲು ಹಾಕಿ ಹೋಗಿದ್ದಾಳೆ’ ಎಂಬಂಥ ಸಾಲನ್ನು ಕೊಟ್ಟು ಟೇಕ್ ಮೇಲೆ ಟೇಕ್ ತಿನ್ನಿಸುವುದರಲ್ಲಿ ಅರ್ಥವಿಲ್ಲ.

ಪ್ರದೇಶದ ಮಾತಿನ ವಿಷಯದಲ್ಲೂ ಇದೇ. ಮಂಡ್ಯದ ‘ಏನ್ಲಾ’, ಧಾರವಾಡದ ‘ಬ್ಯಾಡ್ರೀ’ ಪೇಪರಿನ ಮೇಲೆ ಚೆನ್ನಾಗಿ ಕಾಣುತ್ತವೆ. ಆ ಊರಿನ ನಾಲಿಗೆ ಇಲ್ಲದವರ ಬಾಯಲ್ಲಿ ಅದು ಅಣಕವಾಗಿ ಕೇಳುತ್ತದೆ, ಆ ಕಡೆಯ ನೋಡುಗರು ಸಿಟ್ಟಾಗುವುದು ನ್ಯಾಯವೇ. ಕಲಾವಿದೆಗೆ ಆ ಭಾಷೆ ಬರುತ್ತದೆಯೇ ಎಂದು ಮೊದಲು ಕೇಳಿ. ಬಂದರೆ ಪೂರ್ತಿ ಬರೆಯಿರಿ, ಅವರಿಂದಲೇ ತಿದ್ದಿಸಿಕೊಳ್ಳಿ. ಬಾರದಿದ್ದರೆ ಆ ಪಾತ್ರ ಬೆಂಗಳೂರಿನಲ್ಲೇ ಬೆಳೆದಿರಲಿ.

ಹೊಸ ಧಾರಾವಾಹಿಗೆ ಸೇರಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಕರೆಯುವ ಪಟ್ಟಿ. ಅಡ್ಡಕ್ಕೂ ಉದ್ದಕ್ಕೂ ಪಾತ್ರಗಳ ಹೆಸರು, ಪ್ರತಿ ಚೌಕದಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ನೀನೋ ನೀವೋ. ಸೊಸೆ ಮಾವನನ್ನು ‘ಮಾವ’ ಅನ್ನುತ್ತಾಳೋ ‘ಮಾವಯ್ಯ’ ಅನ್ನುತ್ತಾಳೋ, ಗಂಡನನ್ನು ‘ರೀ’ ಅನ್ನುತ್ತಾಳೋ ಹೆಸರು ಹಿಡಿದು ಕರೆಯುತ್ತಾಳೋ, ಅಣ್ಣನ ಹೆಂಡತಿಗೆ ಬಹುವಚನವೋ ಏಕವಚನವೋ. ಸಂಭಾಷಣೆಯನ್ನು ಇಬ್ಬರು ಹಂಚಿಕೊಂಡು ಬರೆಯುವಾಗ ಮೊದಲು ಕೆಡುವುದು ಇದು. ಪಟ್ಟಿ ಗಟ್ಟಿಯಾಗಿದ್ದರೆ ಇನ್ನೊಂದು ಲಾಭವಿದೆ. ಮುನ್ನೂರು ಸಂಚಿಕೆ ‘ನೀವು’ ಅಂದ ಸೊಸೆ ಒಂದು ದಿನ ‘ನೀನು’ ಅಂದರೆ ಅಷ್ಟರಲ್ಲೇ ಒಂದು ಪುಟದ ಜಗಳ ಮುಗಿದಿರುತ್ತದೆ. ಸಣ್ಣಪುಟ್ಟ ಸಿಟ್ಟಿಗೆಲ್ಲ ಆ ಏಕವಚನವನ್ನು ಖರ್ಚು ಮಾಡಿಬಿಟ್ಟರೆ ದೊಡ್ಡ ದಿನಕ್ಕೆ ಏನೂ ಉಳಿಯುವುದಿಲ್ಲ.

ಫ್ರೀಜ್ ಆಗುವ, ಅಂದರೆ ಸಂಚಿಕೆಯ ಕೊನೆಗೆ ಚಿತ್ರ ಸ್ತಬ್ಧವಾಗುವ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ‘ಅಲ್ಲ’, ‘ಇಲ್ಲ’ ಬರುವುದು ಮಾತಿನ ತುದಿಗೆ. ‘ಅವತ್ತು ರಾತ್ರಿ ಆಸ್ಪತ್ರೆಗೆ ಬಂದಿದ್ದು ನಾನಲ್ಲ.’ ಎದುರಿಗಿರುವವಳು ‘ನಾನ’ ಎಂಬಲ್ಲೇ ಬೆಚ್ಚಿದರೆ ಅವಳು ತದ್ವಿರುದ್ಧ ಅರ್ಥಕ್ಕೆ ಬೆಚ್ಚಿದಂತೆ. ಎಡಿಟಿಂಗ್‌ನಲ್ಲಿ ಅರ್ಧ ಸೆಕೆಂಡು ಮೊದಲೇ ಸಂಗೀತ ಬಿದ್ದರೆ ‘ಅಲ್ಲ’ ಮುಚ್ಚಿಹೋಗುತ್ತದೆ. ಆದ್ದರಿಂದ ಸಂಚಿಕೆಯ ಕೊನೆಯ ಸಾಲಾದರೆ ‘ಅವತ್ತು ರಾತ್ರಿ ಆಸ್ಪತ್ರೆಗೆ ಬಂದಿದ್ದು... (ಬಿಡುವು) ನಾನಲ್ಲ’ ಎಂದು ಬಿಡುವನ್ನು ಪೇಪರಿನಲ್ಲೇ ಗುರುತಿಸುತ್ತೇನೆ, ರಿಯಾಕ್ಷನ್ ‘ಅಲ್ಲ’ ಆದ ಮೇಲೆ ಎಂದೂ ಬರೆಯುತ್ತೇನೆ. ಸೀನಿನ ನಡುವೆ ಬರುವ ಸಾಲಾದರೆ ‘ನಾನಲ್ಲ ಅವತ್ತು ಬಂದಿದ್ದು’ ಎಂದು ತಿರುಗಿಸುತ್ತೇನೆ. ಸುದ್ದಿ ಮೊದಲು ಬಿತ್ತು, ಉಳಿದ ಮಾತಿನ ಮೇಲೆ ಎಡಿಟರ್ ಎದುರಿನವಳ ಮುಖ ಇಡಬಹುದು. ರಿಯಾಕ್ಷನ್‌ಗೆಂದು ಬೇರೆ ಸಮಯ ಬೇಕಾಗುವುದಿಲ್ಲ.

ಕನಸು ಎಂದು ತೋರಿಸಿ ಬಿಡಿಸುವ ಫ್ರೀಜ್ ನನಗೆ ಹಿಡಿಸದು. ಚಾನೆಲ್ ಕೇಳಿದರೆ ಬರೆಯುತ್ತೇನೆ, ಆದರೆ ಮಾರನೆಯ ದಿನದ ಮೊದಲ ಸೀನಿನಲ್ಲಿ ಆ ಕನಸು ಕಂಡವಳು ಅದರ ಕಾರಣಕ್ಕೇ ಏನಾದರೊಂದು ಮಾಡುವಂತೆ ನೋಡಿಕೊಳ್ಳುತ್ತೇನೆ.

ಗುರುವಾರ

ಎಷ್ಟು ಜನ ಯಾವ ಧಾರಾವಾಹಿ ನೋಡಿದರು ಎಂದು ಅಳೆಯುವ ಸಂಸ್ಥೆ ಬಾರ್ಕ್. ಅದರ ವಾರ ಶನಿವಾರದಿಂದ ಶುಕ್ರವಾರದವರೆಗೆ, ಅಂಕಿ ಬರುವುದು ಅದರ ಮುಂದಿನ ಗುರುವಾರ. ಗುರುವಾರ ಮಧ್ಯಾಹ್ನದ ಮೇಲೆ ಒಪ್ಪಿಗೆಯಾದ ಕಥೆಯ ಟ್ರ್ಯಾಕ್ ಕೂಡ ಬದಲಾಗಬಹುದು. ಇದಕ್ಕೆ ತಯಾರಿ ಬೇಕು. ಬುಧವಾರ, ಗುರುವಾರ ನಾನು ಮುಂದಿನ ವಾರದ ತಿರುವಿನ ಸೀನ್‌ಗಳನ್ನು ಮುಟ್ಟುವುದಿಲ್ಲ. ಕಥೆ ಯಾವ ಕಡೆ ಹೋದರೂ ಬೇಕಾಗುವ ಸೀನ್‌ಗಳನ್ನು, ಗಂಡ ಹೆಂಡತಿಯ ಮಾತು, ಮಗುವಿನ ಶಾಲೆ, ಅಡುಗೆಮನೆಯ ತಮಾಷೆ ಇಂಥವನ್ನು ಮುಗಿಸಿಕೊಳ್ಳುತ್ತೇನೆ. ಬದಲಾವಣೆ ಬಂದಾಗ ಕೇಳಬೇಕಾದದ್ದು ‘ಏಕೆ’ ಅಲ್ಲ. ಈಗಾಗಲೇ ಶೂಟ್ ಆದ ಯಾವ ಸೀನ್ ಉಳಿಯುತ್ತದೆ, ಯಾವುದು ಬೀಳುತ್ತದೆ ಎಂದು ಕೇಳಿ. ಶೂಟ್ ಆದ ಸೀನನ್ನು ಹೊಸ ಅರ್ಥಕ್ಕೆ ಹೊಂದಿಸಲು ಅದರ ಹಿಂದೊಂದು ಮುಂದೊಂದು ಪುಟ್ಟ ಸೀನ್ ಸಾಕಾಗುತ್ತದೆ. ಆ ಜೋಡಣೆ ಬಲ್ಲವರನ್ನು ತಂಡ ಬಿಟ್ಟುಕೊಡುವುದಿಲ್ಲ.

ಒಳಗೆ ಬರುವ ದಾರಿ

ನೀವು ನಟಿಸುತ್ತಿರುವ ಸೀನ್‌ಗಳ ಪೇಪರ್ ಇಟ್ಟುಕೊಳ್ಳಿ. ಪ್ರಸಾರವಾದಾಗ ಪೇಪರ್ ಹಿಡಿದು ನೋಡಿ, ಯಾವ ಸಾಲು ಹೋಯಿತು, ಯಾವುದು ಬದಲಾಯಿತು, ಎಲ್ಲಿ ಸಂಗೀತ ಬಂತು ಎಂದು ಬೇರೆ ಬಣ್ಣದಲ್ಲಿ ಗುರುತು ಹಾಕಿ. ಸಾಲು ಹೋದದ್ದು ಏಕೆ ಎಂಬುದಕ್ಕೆ ಕಾರಣ ಮೂರು ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ: ಹೇಳಿದ್ದನ್ನೇ ಹೇಳಿತ್ತು, ಕಲಾವಿದೆಯ ಬಾಯಿಗೆ ಬರಲಿಲ್ಲ, ಸಮಯ ಮೀರಿತು, ಚಾನೆಲ್ ಬೇಡ ಎಂದಿತು. ಪ್ರಸಾರಕ್ಕೆ ಮೊದಲು ಆ ಪೇಪರ್ ಯಾರಿಗೂ ತೋರಿಸಬೇಡಿ, ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಕಥೆ ಹೊರಗೆ ಹೋದರೆ ಪಾತ್ರವೂ ಹೋಗುತ್ತದೆ.

ಮಾದರಿಗೆ ಐದು ಸೀನ್ ತಯಾರಿಸಿ, ಎಲ್ಲವೂ ನಿಮ್ಮದೇ ಪಾತ್ರಗಳದ್ದು: ಇಬ್ಬರ ಜಗಳ, ಒಂದು ಫೋನ್ ಸೀನ್, ಆರು ಜನರ ಸೀನ್, ಮಾತೇ ಇಲ್ಲದ್ದೊಂದು, ತಮಾಷೆಯದ್ದೊಂದು. ಇಡೀ ಧಾರಾವಾಹಿಯ ಕಥೆ ಹಿಡಿದುಕೊಂಡು ಹೋದರೆ ಓದಲು ಯಾರಿಗೂ ಪುರುಸೊತ್ತಿಲ್ಲ. ಎರಡು ಪುಟದ ಸೀನನ್ನು ಊಟದ ಬಿಡುವಿನಲ್ಲಿ ಓದುತ್ತಾರೆ. ಕೇಳಬೇಕಾದದ್ದು ಸಂಚಿಕೆ ನಿರ್ದೇಶಕರನ್ನೋ ಈಗಿನ ಸಂಭಾಷಣೆಕಾರರನ್ನೋ. ಅವರಿಗೆ ವಾರಕ್ಕೆ ಎರಡು ಸೀನ್ ಹಂಚಿಕೊಳ್ಳುವವರು ಯಾವಾಗಲೂ ಬೇಕಿರುತ್ತಾರೆ.

ನೀವು ನಟಿಸುತ್ತಿರುವ ಧಾರಾವಾಹಿಗೇ ಬರೆಯಬೇಡಿ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ನಿಮ್ಮ ಪಾತ್ರಕ್ಕೆ ಒಂದು ಸಾಲು ಹೆಚ್ಚಾದರೂ ಮೇಕಪ್ ರೂಮಿನಲ್ಲಿ ಮಾತಾಗುತ್ತದೆ, ಆ ಭಯಕ್ಕೆ ನೀವೇ ನಿಮ್ಮ ಪಾತ್ರವನ್ನು ಕುಗ್ಗಿಸುತ್ತೀರಿ, ಎರಡೂ ಕಥೆಗೆ ಒಳ್ಳೆಯದಲ್ಲ. ಬೇರೆ ಧಾರಾವಾಹಿಗೆ ಬರೆಯಿರಿ.

ಮಾಸಪತ್ರಿಕೆ, ವಾರಪತ್ರಿಕೆಗಳಿಗೆ ಕಥೆ ಬರೆಯುವುದನ್ನೂ ಜತೆಗೆ ಇಟ್ಟುಕೊಂಡರೆ ಒಳ್ಳೆಯದು. ‘ಮಯೂರ’, ‘ತುಷಾರ’, ‘ಸುಧಾ’, ‘ತರಂಗ’ಗಳಿಗೆ ಕಳಿಸುವ ಕಥೆಯಲ್ಲಿ ಸೀನಿನ ಅಭ್ಯಾಸ ಒಂದು ಮಟ್ಟಕ್ಕೆ ತೊಡಕು. ಸಂಭಾಷಣೆ ಬರೆಯುವವರು ಅರ್ಧ ಕೆಲಸವನ್ನು ಕಲಾವಿದೆಯ ಮುಖಕ್ಕೆ ಬಿಟ್ಟಿರುತ್ತೇವೆ. ಕಥೆಯಲ್ಲಿ ಆ ಮುಖ ಇರುವುದಿಲ್ಲ. ‘ಜೋಮು ಹಿಡ್ದಿದೆ ಅಕ್ಕಾ’ ಎಂಬಲ್ಲಿ ಧ್ವನಿ ಎಷ್ಟು ನಡುಗಿತು, ಅತ್ತೆ ಬಟ್ಟೆ ಎಣಿಸುವುದನ್ನು ಯಾವ ಸಂಖ್ಯೆಗೆ ನಿಲ್ಲಿಸಿದಳು, ಅದನ್ನೆಲ್ಲ ಬರೆಯಬೇಕಾಗುತ್ತದೆ. ಕಥೆಯ ಮೊದಲ ಕರಡು ಬರೆದ ಮೇಲೆ ನಾನು ಸಂಭಾಷಣೆಗಳನ್ನೆಲ್ಲ ತೆಗೆದು ಉಳಿದದ್ದನ್ನು ಓದುತ್ತೇನೆ. ಆಗಲೂ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೆ ಅದಿನ್ನೂ ಸೀನ್ ಪೇಪರ್.

ಹಣ ಮತ್ತು ಹಕ್ಕು

ಪೋಷಕ ನಟಿಗೆ ಹಣ ದಿನದ ಲೆಕ್ಕ, ಕರೆದ ದಿನಕ್ಕೆ ಮಾತ್ರ. ಬರಹಗಾರರಿಗೆ ಸಂಚಿಕೆಯ ಲೆಕ್ಕ. ಎರಡೂ ಕಡೆ ಹಣ ಕೈಗೆ ಬರುವುದು ತಡವಾಗಿ, ಎರಡು ಮೂರು ತಿಂಗಳ ಅಂತರ ಮಾಮೂಲು. ಆದ್ದರಿಂದ ನಟನೆ ಬಿಟ್ಟು ಬರವಣಿಗೆಗೆ ಪೂರ್ತಿ ಬರುವವರ ಹತ್ತಿರ ಆರು ತಿಂಗಳ ಮನೆಖರ್ಚು ಇರಬೇಕು. ಪಾವತಿಯಲ್ಲಿ ಶೇ 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದಿರುತ್ತಾರೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಕಡಿತವಾದ ತೆರಿಗೆಯ ಪಟ್ಟಿ ತೆರೆದು ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಸೀರೆ, ಮೇಕಪ್, ಓಡಾಟದ ಖರ್ಚಿನ ರಸೀದಿ ಇಟ್ಟುಕೊಂಡು ಲೆಕ್ಕಪರಿಶೋಧಕರಿಗೆ ತೋರಿಸಿ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ.

ಸ್ವಂತ ಕಥೆಯನ್ನು ಯಾರಿಗಾದರೂ ಹೇಳುವ ಮೊದಲು ನೋಂದಾಯಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯತ್ವ ಪಡೆದು ಆನ್‌ಲೈನ್‌ನಲ್ಲೇ ಮಾಡಬಹುದು. ಕೇಂದ್ರದ ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ ₹500. ಹಕ್ಕು ಹುಟ್ಟುವುದು ಬರೆದಾಗಲೇ, ನೋಂದಣಿ ಅದಕ್ಕೆ ಸಾಕ್ಷಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ಹಸ್ತಾಂತರ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅರ್ಥ. 2012ರ ತಿದ್ದುಪಡಿಯಿಂದ ಲೇಖಕರ ರಾಯಧನದ ಹಕ್ಕಿಗೂ ಬಲ ಬಂದಿದೆ. ನಮಗೆ ಕೊಡುವ ಒಪ್ಪಂದಗಳಲ್ಲಿ ಅವಧಿ ‘ಶಾಶ್ವತ’, ಪ್ರದೇಶ ‘ಜಗತ್ತು’ ಎಂದೇ ಅಚ್ಚಾಗಿರುತ್ತದೆ. ಹೊಸಬರಿಗೆ ಅದನ್ನು ಬದಲಿಸುವ ಶಕ್ತಿ ಇರುವುದಿಲ್ಲ. ಆದರೆ ಮೂರು ವಿಷಯ ಕೇಳಿದರೆ ಸಿಗುತ್ತವೆ: ಹೆಸರು ಯಾವ ಪದದಲ್ಲಿ ತೆರೆಯ ಮೇಲೆ ಬರುತ್ತದೆ (‘ಸಂಭಾಷಣೆ’ಯೋ ‘ಸಂಭಾಷಣೆ ಸಹಾಯ’ವೋ), ಎಷ್ಟನೆಯ ಆವೃತ್ತಿಯ ನಂತರ ತಿದ್ದುಪಡಿಗೆ ಬೇರೆ ಹಣ, ಮತ್ತು ಬರೆದು ಒಪ್ಪಿಗೆಯಾಗಿ ಪ್ರಸಾರವಾಗದೆ ಹೋದ ಸಂಚಿಕೆಗೆ ಎಷ್ಟು.

ಕೊನೆಯದನ್ನು ಬಿಡಬೇಡಿ. ಧಾರಾವಾಹಿ ಮುಗಿಯುತ್ತದೆ ಎಂಬ ಸುದ್ದಿ ಬರಹಗಾರರಿಗೆ ತಲುಪುವಷ್ಟರಲ್ಲಿ ಏಳೆಂಟು ಸಂಚಿಕೆ ಬರೆದಾಗಿರುತ್ತದೆ. ಕಳಿಸಿದ ಪ್ರತಿ ಸಂಚಿಕೆಯನ್ನೂ ವಾಟ್ಸಾಪ್ ಜತೆಗೆ ಇಮೇಲ್‌ನಲ್ಲೂ ಕಳಿಸಿ. ಒಂದು ನೋಟುಪುಸ್ತಕದಲ್ಲಿ ಸಂಚಿಕೆ ಸಂಖ್ಯೆ, ಕಳಿಸಿದ ದಿನ, ಆವೃತ್ತಿ, ಒಪ್ಪಿಗೆ ಕೊಟ್ಟವರು, ಪ್ರಸಾರದ ದಿನ, ಹಣ ಬಂದ ದಿನ ಎಂದು ಆರು ಕಾಲಂ ಎಳೆದುಕೊಳ್ಳಿ. ತಿಂಗಳ ಬಿಲ್ಲನ್ನು ಆ ಪುಸ್ತಕ ನೋಡಿಯೇ ಬರೆಯಿರಿ, ಪ್ರಸಾರವಾಗದ ಸಂಚಿಕೆಗಳನ್ನು ಅದರಲ್ಲೇ ಬೇರೆ ಸಾಲಿನಲ್ಲಿ ತೋರಿಸಿ.